ಶಾಲೆಯ ಹೊರಗೋಡೆ

“ಗುರುಗಳೇ, ಎಂದೋ ಆಗಿಹೋದ ಅವಮಾನವನ್ನು ಮರೆತುಬಿಡುವುದೇ ದೊಡ್ಡತನವಲ್ಲವೇ?” ಎಂದು ಮರುಳಸಿದ್ಧ ಕೇಳಿದ.

ಅಂದು ಬೆಳಿಗ್ಗೆ ಮಠದ ಪಂಕ್ತಿಯಲ್ಲಿ ಮಾತಿಗೆ ಮಾತು ಬೆಳೆದಿತ್ತು. ತನ್ನ ಅಜ್ಜನನ್ನು ಊರ ಬಾವಿಯ ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ ಎಂದು ಜೊತೆಯ ಶಿಷ್ಯನೊಬ್ಬ ಹೇಳಿದ್ದ. ಆ ಬಾವಿಯನ್ನು ತೋಡಿಸಿದ್ದು ಮರುಳಸಿದ್ಧನ ಮನೆತನದವರು. ಅವನಿಗೆ ಆ ಮಾತು ಹಿಡಿಸಿರಲಿಲ್ಲ.

“ಈಗ ಆ ಬಾವಿಯಲ್ಲಿ ಎಲ್ಲರೂ ನೀರು ಸೇದುತ್ತಾರೆ. ಮತ್ತೆ ಯಾಕೆ ಆ ಹಳೆಯ ಮಾತು? ಸಿಟ್ಟನ್ನು ಹೀಗೆ ಸಾಕಿಕೊಂಡು ಕೂತರೆ ಯಾರಿಗೆ ಒಳ್ಳೆಯದಾಗುತ್ತದೆ, ನೀವೇ ಹೇಳಿ” ಎಂದ.

ಗುರುಗಳು ಕೂತುಕೋ ಎಂದು ಕೈ ತೋರಿಸಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಹಳೆಯ ಶಾಲೆ ಇತ್ತು. ಕಲ್ಲಿನ ಕಟ್ಟಡ. ಆ ಸೀಮೆಗೆಲ್ಲ ಅದೇ ಮೊದಲ ಶಾಲೆ. ರಸ್ತೆಯ ಬದಿಗೆ ಹೊಸ ಶಾಲೆ ಬಂದ ಮೇಲೆ ಹಳೆಯದಕ್ಕೆ ಬೀಗ ಬಿತ್ತು. ಕೆಲವೇ ಕಾಲದಲ್ಲಿ ಬೀಗವೂ ಹೋಯಿತು, ಬಾಗಿಲೂ ಹೋಯಿತು. ಹೆಂಚುಗಳನ್ನು ಒಬ್ಬರು ಒಯ್ದರು, ತೊಲೆಗಳನ್ನು ಮತ್ತೊಬ್ಬರು ಒಯ್ದರು. ಒಳಗೆ ಜಾಲಿ ಬೆಳೆಯಿತು. ಉಳಿದ ಕಲ್ಲನ್ನು ಕೀಳಿಸಿ ಅಲ್ಲಿ ಉಗ್ರಾಣ ಕಟ್ಟಿಸುವುದೆಂದು ಊರಿನ ಯಜಮಾನ ಲೆಕ್ಕ ಹಾಕಿಕೊಂಡಿದ್ದ.

ಆ ಊರಿನಲ್ಲಿ ಒಬ್ಬ ಮೇಷ್ಟ್ರು ಇದ್ದರು. ಆ ಶಾಲೆಯಲ್ಲೇ ಓದಿ, ಅಲ್ಲೇ ಪಾಠ ಹೇಳಿ, ಈಗ ಕೆಲಸ ಮುಗಿಸಿ ಮನೆಯಲ್ಲಿದ್ದವರು. ಶಾಲೆ ಕಣ್ಣೆದುರೇ ಕುಸಿಯುವುದನ್ನು ನೋಡಿ ಅವರಿಗೆ ಅನ್ನ ರುಚಿಸಲಿಲ್ಲ. ಮನೆ ಮನೆಗೆ ಹೋಗಿ ಕರೆದರು. ಹೆಚ್ಚಿನವರು ನಕ್ಕರು. ಬಿದ್ದ ಮನೆಗೆ ದೀಪ ಹಚ್ಚಲು ಹೊರಟಿದ್ದಾರೆ ಎಂದು ಕಟ್ಟೆಯ ಮೇಲೆ ಕೂತವರು ಆಡಿಕೊಂಡರು. ಆದರೂ ಒಬ್ಬ ಬಡಗಿ ಬಂದ, ಒಬ್ಬ ಕಲ್ಲುಕುಟಿಗ ಬಂದ, ಒಬ್ಬ ಕುಂಬಾರ ಹೆಂಡತಿಯನ್ನೂ ಕರೆದುಕೊಂಡು ಬಂದ. ತಮ್ಮ ತಮ್ಮ ಹೊಟ್ಟೆಪಾಡಿನ ಕೆಲಸ ಮುಗಿಸಿ, ಸಂಜೆಯ ಹೊತ್ತು ಬಂದು ದುಡಿಯುತ್ತಿದ್ದರು. ಅವರಿಗೆ ಯಾರೂ ಕೂಲಿ ಕೊಡಲಿಲ್ಲ, ಅವರು ಕೇಳಲೂ ಇಲ್ಲ. ಇದ್ದುದನ್ನು ಇದ್ದ ಹಾಗೆಯೇ ಎತ್ತಿ ನಿಲ್ಲಿಸುವುದು ಎಂದು ಮೊದಲ ದಿನವೇ ಎಲ್ಲರೂ ಸೇರಿ ಮಾತಾಡಿಕೊಂಡಿದ್ದರು.

ಹಳೆಯ ಗೋಡೆ ನಿಲ್ಲಬೇಕಾದರೆ ಸುಣ್ಣದ ಗಾರೆ ಬೇಕು. ಕೆಳಗಿನ ಕೇರಿಯಲ್ಲಿ ಒಬ್ಬ ಹೆಂಗಸು ಸುಣ್ಣ ಸುಡುತ್ತಿದ್ದಳು. ಮೇಷ್ಟ್ರು ಅವಳ ಸುಣ್ಣದ ಗೂಡಿನ ಹತ್ತಿರ ಹೋದರು.

“ತಾಯಿ, ಅದು ನಮ್ಮೆಲ್ಲರ ಶಾಲೆ. ನೀನೂ ಒಂದು ಕೈ ಹಾಕಬೇಕು” ಎಂದರು.

“ನಿಮ್ಮೆಲ್ಲರ ಶಾಲೆ ಅನ್ನಿ ಮೇಷ್ಟ್ರೇ. ಅದು ಬಿದ್ದುಹೋಗಲಿ” ಎಂದಳು ಆಕೆ. ಕೈಯಲ್ಲಿದ್ದ ಸಲಿಕೆಯನ್ನು ಕೆಳಗಿಡಲಿಲ್ಲ.

ಮೇಷ್ಟ್ರು ತಲೆ ತಗ್ಗಿಸಿ ಹಿಂದಿರುಗಿದರು. ಅವರಿಗೆ ಕಾರಣ ಗೊತ್ತಿತ್ತು.

ಅವಳು ಚಿಕ್ಕವಳಿದ್ದಾಗ ಕೆಳಗಿನ ಕೇರಿಯ ಮಕ್ಕಳನ್ನು ಆ ಶಾಲೆಯ ಒಳಗೆ ಬಿಡುತ್ತಿರಲಿಲ್ಲ. ಓದಲೇಬೇಕು ಎನ್ನುವವರು ಹೊರಗೆ, ಕಿಟಕಿಯ ಕೆಳಗಿನ ಜಗಲಿಯಲ್ಲಿ ಕೂತು ಕೇಳಿಸಿಕೊಳ್ಳಬೇಕಿತ್ತು. ಕಿಟಕಿ ಎತ್ತರದಲ್ಲಿತ್ತು. ಜಗಲಿಯಲ್ಲಿ ಕೂತವರಿಗೆ ಒಳಗಿನ ದನಿ ಕೇಳಿಸುತ್ತಿತ್ತೇ ಹೊರತು ಕರಿಹಲಗೆ ಕಾಣುತ್ತಿರಲಿಲ್ಲ. ಅಕ್ಷರವನ್ನು ಕಿವಿಯಿಂದ ಕಲಿಯಬಹುದು, ಬರೆಯುವುದು ಹೇಗೆ? ಅವಳ ಅಣ್ಣ ದುರುಗ ಉದ್ದನೆಯ ಹುಡುಗ. ಅವನು ಕಿಟಕಿಯ ಸರಳು ಹಿಡಿದು ಮೈಯನ್ನು ಮೇಲಕ್ಕೆಳೆದುಕೊಂಡು, ಹಲಗೆಯ ಮೇಲಿನ ಅಕ್ಷರವನ್ನು ನೋಡಿಕೊಂಡು ಕೆಳಗಿಳಿಯುತ್ತಿದ್ದ. ಮರೆಯುವ ಮೊದಲೇ ಅದನ್ನು ಮೊಳೆಯಿಂದ ಗೋಡೆಯ ಗಾರೆಯ ಮೇಲೆ ಕೆತ್ತುತ್ತಿದ್ದ. ಉಳಿದ ಮಕ್ಕಳು ಅದರ ಮೇಲೆ ಬೆರಳಾಡಿಸಿ ಕಲಿಯುತ್ತಿದ್ದರು. ಒಳಗಿನವರಿಗೆ ಹಲಗೆ ಇತ್ತು, ಹೊರಗಿನವರಿಗೆ ಗೋಡೆ.

ಒಂದು ದಿನ ಅವನು ಸರಳು ಹಿಡಿದು ನಿಂತಿದ್ದು ಒಳಗೆ ಪಾಠ ಹೇಳುತ್ತಿದ್ದ ಅಯ್ಯನವರ ಕಣ್ಣಿಗೆ ಬಿತ್ತು. ಅವರು ಬೆತ್ತದಿಂದ ಅವನ ಬೆರಳುಗಳ ಮೇಲೆ ಹೊಡೆದರು. ಅವನು ಕೆಳಗೆ ಬಿದ್ದ ಮೇಲೆ, ಒಬ್ಬ ಹುಡುಗನನ್ನು ಕರೆದು ಆ ಸರಳುಗಳಿಗೆ ನೀರು ಹಾಕಿಸಿ ತೊಳೆಸಿದರು. ಆ ನೀರು ಜಗಲಿಯಲ್ಲಿ ಕೂತ ಮಕ್ಕಳ ತಲೆಯ ಮೇಲೆ ಬಿತ್ತು.

ದುರುಗನ ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಅವನು ಶಾಲೆಯ ಕಡೆಗೆ ತಲೆಯೂ ಹಾಕಲಿಲ್ಲ. ಬದುಕಿರುವವರೆಗೂ ಸುಣ್ಣದ ಕಲ್ಲು ಹೊತ್ತ, ಕಲ್ಲು ಹೊತ್ತೇ ಸತ್ತ.

ಅದಕ್ಕೇ ಅವಳು ಬಿದ್ದುಹೋಗಲಿ ಎಂದದ್ದು. ಆದರೆ ಮೇಷ್ಟ್ರು ಹೋದ ಮೇಲೆ ಅವಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಬೀಳುವ ಮೊದಲು ಒಂದು ಸಲ ನೋಡಿಕೊಂಡು ಬರುತ್ತೇನೆ ಎಂದುಕೊಂಡು ಹೊರಟಳು. ಶಾಲೆಯ ಮುಂಬಾಗಿಲಿಗೆ ಹೋಗಲಿಲ್ಲ. ಕಾಲು ತಾನಾಗಿ ಹಿಂಬದಿಗೆ ನಡೆಯಿತು.

ಜಗಲಿ ಇತ್ತು. ಕಿಟಕಿ ಇತ್ತು. ಮುಳ್ಳಿನ ಬಳ್ಳಿಯನ್ನು ಸರಿಸಿ ನೋಡಿದಳು. ಕೂತ ಮಗುವಿನ ಕಣ್ಣಿನ ಎತ್ತರಕ್ಕೆ ಸರಿಯಾಗಿ, ಗೋಡೆಯ ಉದ್ದಕ್ಕೂ ಅಕ್ಷರಗಳು. ಸೊಟ್ಟ ಸೊಟ್ಟ, ಒಂದರ ಮೇಲೊಂದು. ಮೂಲೆಯಲ್ಲಿ ಮೂರಕ್ಷರ ಬಿಡಿಬಿಡಿಯಾಗಿ ಇದ್ದವು: ದು, ರು, ಗ. ಅವಳ ಅಣ್ಣನ ಹೆಸರು ಈ ಲೋಕದಲ್ಲಿ ಬೇರೆಲ್ಲಿಯೂ ಬರೆದಿರಲಿಲ್ಲ.

ಮರುದಿನ ಅವಳು ಸುಣ್ಣದ ಬುಟ್ಟಿ ಹೊತ್ತುಕೊಂಡು ಬಂದಳು. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಕುಂಬಾರನ ಹೆಂಡತಿ ಒಂದು ತಂಬಿಗೆ ನೀರು ತಂದು ಕೊಟ್ಟಳು, ಅಷ್ಟೇ.

ಮಳೆಗಾಲ ಮುಗಿದು ಚಳಿಗಾಲ ಬಂತು, ಬೇಸಿಗೆಯೂ ಬಂತು. ಅವಳು ಗಾರೆ ಅರೆದಳು, ಕಲ್ಲು ಕೊಟ್ಟಳು, ಸಂದು ತುಂಬಿದಳು. ಹಗಲೆಲ್ಲ ಗೂಡಿನ ಮುಂದೆ ಬೆಂದು, ಸಂಜೆ ಇಲ್ಲಿ ಬಂದು ಬಗ್ಗುತ್ತಿದ್ದಳು. ಅವಳ ಸಿಟ್ಟು ಹೋಗಿರಲಿಲ್ಲ. ಸಿಟ್ಟು ಇದ್ದದ್ದರಿಂದಲೇ ಅವಳು ಒಂದು ದಿನವೂ ತಪ್ಪಿಸಲಿಲ್ಲ. ತಾನು ಎತ್ತುತ್ತಿರುವುದು ಒಳಗಿನ ಕೋಣೆಗಳನ್ನಲ್ಲ, ಆ ಹೊರಗೋಡೆಯನ್ನು ಎಂದು ಅವಳಿಗೆ ಗೊತ್ತಿತ್ತು. ಉಳಿದ ಮೂರು ಗೋಡೆ ನಿಲ್ಲದೆ ಅದೊಂದೇ ನಿಲ್ಲುವುದಿಲ್ಲವಲ್ಲ.

ಶಾಲೆ ಎದ್ದು ನಿಂತಿತು. ಮಾಡಿನ ಮೇಲೆ ಹೆಂಚು ಕೂತಿತು, ಬಡಗಿ ಬಾಗಿಲು ನಿಲ್ಲಿಸಿದ. ಇದು ನಿಲ್ಲುವ ಮಾತಲ್ಲ ಎಂದು ಅಲ್ಲಿಯವರೆಗೆ ಆ ಕಡೆ ಮುಖ ಹಾಕದಿದ್ದ ಯಜಮಾನ ಆಗ ಬಂದ. ಉಗ್ರಾಣದ ಮಾತೆತ್ತದೆ, ದೊಡ್ಡವರನ್ನು ಕರೆಸಿ ಬಾಗಿಲು ತೆರೆಸೋಣ, ಊರಿಗೆ ಹೆಸರು ಬರುತ್ತದೆ ಎಂದ. ಹೆಗಲ ಮೇಲಿನ ಶಾಲು ಸರಿಪಡಿಸಿಕೊಳ್ಳುತ್ತ ಸುತ್ತಲೂ ನೋಡಿದ. ಹಿಂಬದಿಗೆ ಬಂದಾಗ ನಿಂತ.

“ಇದೇನು ಗೀಚಾಟ? ಇದರ ಮೇಲೆ ಸುಣ್ಣ ಬಳಿಯಿರಿ” ಎಂದ.

“ಅದು ಗೀಚಾಟವಲ್ಲ ಯಜಮಾನರೇ. ನಮ್ಮ ಕೇರಿಯ ಮಕ್ಕಳು ಇಲ್ಲಿ ಕೂತು ಕಲಿತದ್ದು” ಎಂದಳು ಸುಣ್ಣದವಳು.

“ನಮ್ಮ ಶಾಲೆಯಲ್ಲಿ ಯಾರನ್ನೂ ಹೊರಗೆ ಕೂರಿಸಿದ್ದಿಲ್ಲ. ದನ ಕಾಯುವ ಹುಡುಗರು ಗೀಚಿರಬೇಕು. ಬರುವವರ ಕಣ್ಣಿಗೆ ಇದೆಲ್ಲ ಬೀಳಬಾರದು.”

ಅವನು ಹಾಗೆಂದಾಗ ಅವಳು ಅವನ ಮುಖವನ್ನೇ ನೋಡಿದಳು. ಅವನು ಅದೇ ಶಾಲೆಯಲ್ಲಿ, ಅದೇ ಕಿಟಕಿಯ ಒಳಗೆ ಕೂತು ಓದಿದವನು. ಅವಳಿಗಿಂತ ನಾಲ್ಕೈದು ವರ್ಷ ದೊಡ್ಡವನು. ಸರಳಿಗೆ ನೀರು ಹಾಕಿದ ಹುಡುಗ ಅವನೇ. ಅವಳಿಗೆ ಅದು ನೆನಪಿತ್ತು. ಅವನಿಗೂ ನೆನಪಿತ್ತು ಎಂದು ಅವನ ಕಣ್ಣು ಹೇಳಿತು. ನೆನಪಿದ್ದೂ ಆಡಿದ ಸುಳ್ಳು ಅದು.

ಯಜಮಾನ ಹೋದ ಮೇಲೆ ಮೇಷ್ಟ್ರು ಅವಳ ಹತ್ತಿರ ಬಂದರು.

“ತಾಯಿ, ಜಾಗ ಅವರ ಕೈಯಲ್ಲಿದೆ. ಬೇಡ ಎಂದರೆ ನಾಳೆ ಎಲ್ಲವನ್ನೂ ಕೆಡವಿಸಬಲ್ಲರು. ಕಟ್ಟಡ ಉಳಿಯಿತಲ್ಲ, ಅದೇ ದೊಡ್ಡದು. ಒಂದು ಗೋಡೆಗಾಗಿ ಹಟ ಮಾಡಬೇಡ. ಆದದ್ದು ಆಗಿಹೋಯಿತು, ಮರೆತುಬಿಡು” ಎಂದರು.

ಅವಳು ಬುಟ್ಟಿ ಎತ್ತಿಕೊಂಡು ಮನೆಗೆ ಹೋದಳು. ಯಜಮಾನ ಹೇಳಿದ್ದು ಅವಳನ್ನು ಅಷ್ಟು ಸುಡಲಿಲ್ಲ. ಮೇಷ್ಟ್ರು ಹೇಳಿದ್ದು ಸುಟ್ಟಿತು.

ಬಾಗಿಲು ತೆರೆಯುವ ದಿನ ಬೆಳಿಗ್ಗೆ ಅವಳು ಬಂದು ನೋಡಿದರೆ, ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಕುಂಚ ಹಿಡಿದು ಗೋಡೆಯ ಮುಂದೆ ನಿಂತಿದ್ದರು. ಬೇರೆ ಯಾರೂ ಒಪ್ಪದಿದ್ದರಿಂದ ತಾವೇ ಬಳಿದಿದ್ದರು. ಬಳಿದದ್ದು ಅವಳು ಸುಟ್ಟು ತಂದ ಸುಣ್ಣವನ್ನೇ. ಗೋಡೆಯೆಲ್ಲ ಬೆಳ್ಳಗಾಗಿತ್ತು. ಇನ್ನೂ ಒಣಗಿರಲಿಲ್ಲ.

ಅವಳು ಕೂಗಾಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಜಗಲಿಯ ಮೇಲೆ ಮೊಣಕಾಲೂರಿ, ಎರಡೂ ಅಂಗೈಗಳಿಂದ ಗೋಡೆಯನ್ನು ಒರೆಸತೊಡಗಿದಳು. ಹಸಿ ಸುಣ್ಣ ಕೈಯನ್ನು ತಿನ್ನುತ್ತದೆ. ಅದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಒರೆಸಿದಳು. ಅಂಗೈ ಕೆಂಪಾಯಿತು, ಚರ್ಮ ಕಿತ್ತು ಬಂತು. ಕುಂಬಾರನ ಹೆಂಡತಿ ಓಡಿಬಂದು ಕೊಡದಿಂದ ನೀರು ಸುರಿದಳು. ಬಡಗಿ ತನ್ನ ತಲೆಯ ವಸ್ತ್ರವನ್ನು ಬಿಚ್ಚಿ ಒದ್ದೆ ಮಾಡಿ ಒರೆಸಲು ನಿಂತ. ಕಲ್ಲುಕುಟಿಗನೂ ಬಂದ. ಮೇಷ್ಟ್ರು ಮಾತ್ರ ಕುಂಚ ಹಿಡಿದು ಹಾಗೇ ನಿಂತಿದ್ದರು.

ಮೇಲಿನ ಸುಣ್ಣ ಹೋಯಿತು. ಅಕ್ಷರಗಳ ಗೀರಿನ ಒಳಗೆ ಇಳಿದಿದ್ದ ಸುಣ್ಣ ಹೋಗಲಿಲ್ಲ. ಮಾಸಿದ ಗೋಡೆಯ ಮೇಲೆ ಒಂದೊಂದು ಅಕ್ಷರವೂ ಬೆಳ್ಳಗೆ ಎದ್ದು ನಿಂತಿತು. ಇಷ್ಟು ದಿನ ಬಗ್ಗಿ ನೋಡಿದರೆ ಮಾತ್ರ ಕಾಣುತ್ತಿದ್ದದ್ದು ಈಗ ಹಿಂಬದಿಯ ದಾರಿಯಲ್ಲಿ ಹೋಗುವವರಿಗೂ ಕಾಣುತ್ತಿತ್ತು.

ಹೊತ್ತೇರಿತು. ಜನ ಸೇರಿದರು. ದೊಡ್ಡವರು ಬಂದರು. ಯಜಮಾನ ಅವರನ್ನು ಮುಂಬಾಗಿಲಿನಿಂದ ಕರೆದೊಯ್ದು ಒಳಗೆ ಕೂರಿಸಿ, ತಾನು ಈ ಶಾಲೆಯನ್ನು ಉಳಿಸಿದ ಬಗೆಯನ್ನು ಹೇಳತೊಡಗಿದ. ಮೇಷ್ಟ್ರಿಗೂ ಒಳಗೆ ಒಂದು ಕುರ್ಚಿ ಹಾಕಿದ್ದರು. ಅವರು ಹೋಗಲಿಲ್ಲ. ಹಿಂಬದಿಗೆ ಬಂದು, ಕಿಟಕಿಯ ಕೆಳಗಿನ ಜಗಲಿಯಲ್ಲಿ ಸುಣ್ಣದವಳ ಪಕ್ಕದಲ್ಲಿ ತಲೆ ತಗ್ಗಿಸಿ ಕೂತರು. ಕಣ್ಣಲ್ಲಿ ನೀರಿತ್ತು.

ಅವಳು ತನ್ನ ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ತಲೆಯೆತ್ತಿ ನೋಡಿದಳು.

“ಏಳಿ ಮೇಷ್ಟ್ರೇ. ಇದು ನಿಮ್ಮ ಜಾಗವಲ್ಲ” ಎಂದಳು.

“ಇನ್ನೇನು ಮಾಡಲಿ ತಾಯಿ? ನನಗೆ ಇಲ್ಲಿ ಕೂರುವುದೇ ಸರಿ.”

“ಒಂದು ಗಳಿಗೆ ಇಲ್ಲಿ ಕೂತು ಎದ್ದು ಹೋಗುವುದು ನಿಮಗೆ ಸುಲಭ. ಅದರಿಂದ ನನಗೇನು ಬಂತು? ಅವರು ಕೇಳುವುದು ನಿಮ್ಮ ಮಾತನ್ನು. ಒಳಗೆ ಹೋಗಿ. ಅವರೆಲ್ಲರ ಮುಂದೆ ನಿಂತು, ಇಲ್ಲಿ ಯಾರು ಕೂತಿದ್ದರು ಎಂದು ಹೇಳಿ.”

ಮೇಷ್ಟ್ರು ಎದ್ದರು. ಒಳಗೆ ಹೋದರು. ಕಿಟಕಿಯ ಮೂಲಕ ಅವಳಿಗೆ ಅವರ ದನಿ ಕೇಳಿಸಿತು. ಮೊದಮೊದಲು ನಡುಗಿತು, ಆಮೇಲೆ ಗಟ್ಟಿಯಾಯಿತು. ಮಕ್ಕಳು ಹೊರಗೆ ಕೂತದ್ದನ್ನು ಹೇಳಿದರು. ಬೆತ್ತವನ್ನೂ ನೀರನ್ನೂ ಹೇಳಿದರು. ದುರುಗನ ಹೆಸರು ಹೇಳಿದರು. ಇವತ್ತು ಬೆಳಿಗ್ಗೆ ಅದರ ಮೇಲೆ ಸುಣ್ಣ ಬಳಿದವನು ನಾನು ಎಂದೂ ಹೇಳಿದರು.

ಯಜಮಾನ ಎದ್ದು ಹೊರಟುಹೋದ. ಅವನ ಹಿಂದೆ ಅರ್ಧ ಸಭೆಯೇ ಎದ್ದು ಹೋಯಿತು. ಬಂದ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೇರೆ ಕೆಲಸವಿದೆ ಎಂದು ಗಾಡಿ ಹತ್ತಿದರು. ಉಳಿದವರು ಹಿಂಬದಿಗೆ ಬಂದು ಗೋಡೆ ನೋಡಿದರು. ಆಮೇಲೆ ಯಜಮಾನ ಕೆಡವಿಸುತ್ತೇನೆ ಎಂದು ಬಹಳ ಕೂಗಾಡಿದ. ಆದರೆ ನೋಡಿ ಹೋದವರು ಸುತ್ತಲ ಊರುಗಳಿಗೆಲ್ಲ ಹೇಳಿದ್ದರು, ದಿನವೂ ಯಾರಾದರೂ ಬಂದು ಅಲ್ಲಿ ನಿಲ್ಲುತ್ತಿದ್ದರು. ಅಷ್ಟು ಕಣ್ಣುಗಳ ಎದುರು ಅವನಿಗೆ ಹಾರೆ ಎತ್ತಿಸಲಾಗಲಿಲ್ಲ. ಶಾಲೆ ನಿಂತಿತು. ಸುಣ್ಣದವಳು ತನ್ನ ಗೂಡಿಗೆ ಹಿಂದಿರುಗಿದಳು.

ಗುರುಗಳು ಕತೆ ನಿಲ್ಲಿಸಿದರು.

ಇನ್ನೂ ಏನೋ ಉಳಿದಿದೆ ಎಂದು ಮರುಳಸಿದ್ಧನಿಗೆ ಅನ್ನಿಸಿತ್ತು.

“ಕೊನೆಗಾದರೂ ಆ ಹೆಂಗಸು ಅವರನ್ನೆಲ್ಲ ಕ್ಷಮಿಸಿದಳೇ, ಗುರುಗಳೇ?” ಎಂದು ಕೇಳಿದ.

ಗುರುಗಳು ಅವನನ್ನೇ ನೋಡುತ್ತ ಹೇಳಿದರು:

“ಮಗು, ಈ ಕತೆಯನ್ನು ನೀನು ಗೋಡೆಯ ಯಾವ ಕಡೆ ಕೂತು ಕೇಳಿದೆ?”