ಹಾಲಿನ ತೀರ್ಪು

ನದಿಯ ದಡದಲ್ಲೊಂದು ಆಶ್ರಮ. ಅಲ್ಲಿ ದೀಕ್ಷೆ ಬೇಡುವವರು ಮೊದಲು ಗುರುವಿಗೆ ಚಹಾ ಕಾಸಿಕೊಡಬೇಕಿತ್ತು.

ಆಶ್ರಮ ಕಟ್ಟಿದ ಹಿರಿಯರು ಹಸಿಹಾಲು, ಜಜ್ಜಿದ ಹಸಿಶುಂಠಿ, ಏಲಕ್ಕಿ, ಚಹಾಪುಡಿ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಒಲೆಯ ಮೇಲಿಡುತ್ತಿದ್ದರಂತೆ. ಅವರ ಮನಸ್ಸು ಅಷ್ಟು ಶುದ್ಧವಾಗಿದ್ದುದರಿಂದ ಹಾಲು ಒಮ್ಮೆಯೂ ಒಡೆಯಲಿಲ್ಲವಂತೆ. ಕಂಡವರು ಯಾರೂ ಉಳಿದಿರಲಿಲ್ಲ; ಪರೀಕ್ಷೆ ಮಾತ್ರ ಉಳಿದಿತ್ತು. ಹಾಲು ಒಡೆದರೆ ದೀಕ್ಷೆ ಇಲ್ಲ.

ಮಂದಾಕಿನಿ ಮೂರು ವರ್ಷ ಆ ಪರೀಕ್ಷೆಗೆ ನಿಂತಳು. ಮೂರು ವರ್ಷವೂ ಹಾಲು ಒಡೆಯಿತು.

ಮೊದಲ ಸಲ ಒಡೆದಾಗ ಉಪವಾಸ ಮಾಡಿದಳು. ಎರಡನೆಯ ಸಲ ಮೌನ ಹಿಡಿದಳು. ಮೂರನೆಯ ಸಲ, ಗಡ್ಡೆಗಟ್ಟಿದ ಚಹಾವನ್ನು ಬಾಳೆಯ ಬುಡಕ್ಕೆ ಚೆಲ್ಲಿ ಸಂಜೆಯವರೆಗೂ ಅತ್ತಳು. ಮರುದಿನ ಬೆಳಿಗ್ಗೆ ಬಟ್ಟೆಗಳನ್ನು ಗಂಟು ಕಟ್ಟಿಕೊಂಡು ಗುರು ನಿರಂಜನಯ್ಯನವರ ಮುಂದೆ ಬಂದು ನಿಂತಳು.

"ಹೊರಟೆ, ಗುರುಗಳೇ. ನನ್ನೊಳಗೆ ಏನೋ ಕೆಟ್ಟದ್ದಿದೆ. ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ. ಹಾಲಿಗೆ ಮಾತ್ರ ಕಾಣುತ್ತದೆ."

"ದೋಣಿ ಬರಲು ಇನ್ನೂ ಹೊತ್ತಿದೆ. ಬಾ," ಎಂದು ಗುರುಗಳು ಅಡುಗೆಮನೆಗೆ ನಡೆದರು.

ಪಾತ್ರೆಯಲ್ಲಿ ಬರಿಯ ನೀರಿಟ್ಟರು. ಹಸಿಶುಂಠಿ, ಏಲಕ್ಕಿ ಜಜ್ಜಿ ಹಾಕಿ ಚೆನ್ನಾಗಿ ಕುದಿಸಿದರು. ಚಹಾಪುಡಿ ಹಾಕಿದರು. ಬೇರೆಯಾಗಿ ಕಾಯಿಸಿಟ್ಟಿದ್ದ ಹಾಲನ್ನು ಕೊನೆಗೆ ಸುರಿದರು.

ಹಾಲು ಒಡೆಯಲಿಲ್ಲ.

"ನಿಮ್ಮ ತಪಸ್ಸಿನ ಫಲ," ಎಂದಳು ಮಂದಾಕಿನಿ.

"ಈಗ ನೀನು ಮಾಡು, ಹೀಗೆಯೇ. ಮನಸ್ಸಿನಲ್ಲಿ ಏನಿದೆ?"

ಅವಳು ತಡವರಿಸಿದಳು. "ಸಿಟ್ಟು."

"ಯಾರ ಮೇಲೆ?"

"ನಿಮ್ಮ ಮೇಲೆ."

"ಒಳ್ಳೆಯದು. ಆರಲು ಬಿಡಬೇಡ. ಚಹಾ ಕುದಿಯುವವರೆಗೂ ಬೈಯುತ್ತಿರು."

ಅವಳು ಮನಸ್ಸಿನಲ್ಲೇ ಮನಸಾರೆ ಬೈದಳು. ತುಟಿ ಅಲುಗಿದ್ದು ಗುರುಗಳಿಗೂ ಕಂಡಿತು. ಕೊನೆಗೆ ಹಾಲು ಸುರಿದಳು. ಚಹಾ ಒಂದು ಗಡ್ಡೆಯೂ ಇಲ್ಲದೆ ಉಕ್ಕಿಬಂದಿತು.

ಪಾತ್ರೆಯನ್ನು ಒಲೆಯಿಂದ ಇಳಿಸಿ ಕೇಳಿದಳು: "ಇದು ನಿಮಗೆ ಮೊದಲೇ ತಿಳಿದಿತ್ತೇ?"

"ನಿನ್ನೆ ತಿಳಿಯಿತು. ನೀನು ಅಳುವುದು ಕೇಳಿಸಿ, ಹಿರಿಯರ ಕ್ರಮದಲ್ಲಿ ನಾನೇ ಕಾಸಿ ನೋಡಿದೆ. ಒಡೆಯಿತು. ದೋಣಿಯವನ ಹೆಂಡತಿಯನ್ನು ಕೇಳಿದೆ. 'ಹಸಿಹಾಲಿಗೆ ಹಸಿಶುಂಠಿ ಹಾಕಿದರೆ ಇನ್ನೇನಾಗುತ್ತದೆ ಸ್ವಾಮಿ, ಇಷ್ಟೆಲ್ಲ ಓದಿದ್ದೀರಿ' ಎಂದು ನಕ್ಕಳು."

"ಆದರೆ ನೀವು ಪರೀಕ್ಷೆಯಲ್ಲಿ ಗೆದ್ದವರು."

"ಆ ವರ್ಷ ಹಸಿಶುಂಠಿ ಸಿಗಲಿಲ್ಲ, ಒಣಶುಂಠಿ ಹಾಕಿದ್ದೆ. ನಲವತ್ತು ವರ್ಷ ಅದನ್ನು ನನ್ನ ಮನಸ್ಸಿನ ಶುದ್ಧಿಯೆಂದೇ ನಂಬಿಕೊಂಡೆ."

"ಹಿರಿಯರಿಗೆ ಹೇಗೆ ಒಡೆಯಲಿಲ್ಲ?"

"ಹಿರಿಯರು ಚಹಾ ಕುಡಿಯುತ್ತಿದ್ದರೋ ಇಲ್ಲವೋ, ಅದನ್ನೂ ನಾನು ಯಾರನ್ನೂ ಕೇಳಲಿಲ್ಲ." ಗುರುಗಳು ತಲೆ ತಗ್ಗಿಸಿದರು. "ನಾನು ಕೇಳದೆ ಇದ್ದುದಕ್ಕೆ ನಿನ್ನ ಮೂರು ವರ್ಷ ಹೋಯಿತು. ಕ್ಷಮಿಸು, ತಾಯಿ."

ಅವಳು ಎರಡು ಲೋಟಗಳಿಗೆ ಚಹಾ ಸೋಸಿ, ಒಂದನ್ನು ಅವರ ಮುಂದಿಟ್ಟಳು. ಇಬ್ಬರೂ ಕುಡಿದರು.

ದಡದಿಂದ ದೋಣಿಯವನು ಕೂಗಿದ.

"ಗುರುಗಳೇ, ನಾನು ಹೋಗಲೇ, ಇರಲೇ?"

"ಅದನ್ನು ಹಾಲು ಹೇಳಲೆಂದು ಮೂರು ವರ್ಷ ಕಾದೆವು. ಈಗ ನೀನೇ ಹೇಳು."