ಅರಿಶಿನ ನುಡಿದ ಸಾಕ್ಷಿ

ಕೇಳ್ರಪ್ಪ ಕೇಳಿ. ಒಂದು ರಾಜ್ಯದಲ್ಲಿ ಒಬ್ಬ ರಾಣಿ ಇದ್ದಳು. ಅವಳಿಗೆ ಸಿರಿಯಿತ್ತು, ಸಂಪತ್ತಿತ್ತು, ಎರಡು ಕೆನ್ನೆಯ ಮೇಲೂ ಕಪ್ಪಗೆ ಬಂಗು ಇತ್ತು. ಬಂಗಿಗೆ ರಾಣಿಯೇನು, ದಾಸಿಯೇನು?

ಅರಮನೆಯ ಬಚ್ಚಲಿಗೆ ಸಾಬೂನು ಮಾಡುತ್ತಿದ್ದವಳು ಬೊಮ್ಮಕ್ಕ. ಬೂದಿ ನೆನೆಸಿ, ನೀರು ಬಸಿದು, ಕೊಬ್ಬರಿ ಎಣ್ಣೆಗೆ ಕೂಡಿಸಿ ತಿರುವುತ್ತಿದ್ದಳು. ಆ ನೀರು ತಾಗಿ ತಾಗಿ ಅವಳ ಕೈ ಒರಟಾಗಿತ್ತು. ಅವಳ ಸಾಬೂನು ಕೊಳೆ ತೆಗೆಯುತ್ತಿತ್ತು. ಅದಕ್ಕಿಂತ ಹೆಚ್ಚಿನ ಮಾತನ್ನು ಅವಳು ಆಡಿದವಳಲ್ಲ.

ಒಂದು ದಿನ ಜಂಬುಲಿಂಗನೆಂಬ ಪಂಡಿತ ಬಂದ. "ನನ್ನ ಔಷಧಿ ಈ ಸಾಬೂನಿಗೆ ಬಿದ್ದರೆ ಸಾಕು, ಬಂಗು ಕಾಲಿಗೆ ಬುದ್ಧಿ ಹೇಳಬೇಕು" ಅಂದ. ರಾಜ ನಂಬಿದ.

ಮೊದಲ ತಿಂಗಳು ಪಂಡಿತ ಸಾಬೂನಿಗೆ ನೆಲ್ಲಿಕಾಯಿ ರಸ ಹಾಕಿಸಿದ. ರಾಣಿ ತಿಕ್ಕಿದಳು, ತೊಳೆದಳು. ಬಂಗು ಹೋಗಲಿಲ್ಲ. ಎರಡನೆಯ ತಿಂಗಳು ಹಿಡಿ ಹಿಡಿ ಕೇಸರಿ ಹಾಕಿಸಿದ. ರಾಣಿ ತಿಕ್ಕಿದಳು, ತೊಳೆದಳು. ಬಂಗು ಹೋಗಲಿಲ್ಲ.

"ಔಷಧಿಯಲ್ಲಿ ಕುಂದಿಲ್ಲ ಮಹಾಸ್ವಾಮಿ, ಈಕೆಯ ಕೈಗುಣ ಸರಿಯಿಲ್ಲ" ಅಂದ ಪಂಡಿತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು.

ರಾಜನಿಗೆ ರೇಗಿತು. "ಮೂರನೆಯ ಸಲವೂ ಕೆಟ್ಟರೆ, ಬೊಮ್ಮಕ್ಕ, ನೀನು ಊರು ಬಿಡಬೇಕು."

ಬೊಮ್ಮಕ್ಕ ಹೆದರಿದಳು. ಹುಟ್ಟಿದ ಊರು ಬಿಟ್ಟು ಎಲ್ಲಿಗೆ ಹೋಗುವುದು? ಸಿಟ್ಟೂ ಬಂತು. ಅದನ್ನು ನುಂಗಿಕೊಂಡು ಕೇಳಿದಳು:

"ಮೂರನೇದು ಏನು ಹಾಕ್ತೀರಿ ಪಂಡಿತರೇ?"

"ಅರಿಶಿನ."

"ಬೂದಿ ನೀರಿಗೆ ಬಿದ್ರೆ ಅದರ ಗುಣ ಕೆಡಲ್ವಾ?"

"ನನ್ನ ಔಷಧಿ ಎಲ್ಲಿ ಬಿದ್ದರೂ ಎಳ್ಳಷ್ಟೂ ಬದಲಾಗದು!"

"ಹಂಗಾದ್ರೆ ಸಭೇಲಿ ಎಲ್ಲರ ಎದುರಿಗೇ ಹಾಕಿ."

ಪಂಡಿತ ಸಂಸ್ಕೃತ ಓದಿದ್ದನೇ ಹೊರತು ಸಾರು ಚೆಲ್ಲಿದ ಸೀರೆಗೆ ಸಾಬೂನು ಹಾಕಿದವನಲ್ಲ. ತುಂಬಿದ ಸಭೆಯಲ್ಲಿ ಬೂದಿ ನೀರಿಗೆ ಹಿಡಿ ಅರಿಶಿನ ಸುರಿದೇಬಿಟ್ಟ. ಹಳದಿಯಿದ್ದದ್ದು ನೋಡುನೋಡುತ್ತಲೇ ಕೆಂಪಾಯಿತು.

"ಅಯ್ಯೋ, ಇದು ಆರತಿ ನೀರು!" ಅಂದಳು ರಾಣಿ.

ಬೊಮ್ಮಕ್ಕ ಕೈಮುಗಿದಳು. "ಅರಿಶಿನಕ್ಕೆ ಬಣ್ಣ ಇತ್ತು ಬುದ್ಧೀ, ಬದಲಾಗಿದ್ದು ಕಣ್ಣಿಗೆ ಕಾಣ್ತು. ನೆಲ್ಲಿಕಾಯಿ ಸದ್ದಿಲ್ದೆ ಕೆಡ್ತು. ಕೆಡದೆ ಉಳಿದಿದ್ದೇನಾದ್ರೂ ಇದ್ರೆ ಅದೂ ಮೂರು ಚೊಂಬು ನೀರಿಗೆ ಮೋರಿ ಸೇರ್ತು. ಮೋರಿಗೆ ಬಂಗು ಇದ್ದಿದ್ರೆ ಇಷ್ಟೊತ್ತಿಗೆ ವಾಸಿಯಾಗಿರೋದು."

ಸಭೆ ಗೊಳ್ಳೆಂದಿತು. ರಾಜ ಮಾತ್ರ ನಗಲಿಲ್ಲ.

"ಪಂಡಿತರೇ, ಮೋರಿಗೆ ಹೋದ ಕೇಸರಿಯನ್ನೆಲ್ಲ ಎಸಳೆಸಳಾಗಿ ಆರಿಸಿ ತನ್ನಿ. ಅಲ್ಲಿಯವರೆಗೆ ನೀವು ಊರು ಬಿಡುವಂತಿಲ್ಲ."

ರಾಣಿಯ ಬಂಗು ಇದ್ದಲ್ಲೇ ಇತ್ತು. ಅವಳು ಅದನ್ನಿಟ್ಟುಕೊಂಡೇ ಬೊಮ್ಮಕ್ಕನ ಸಾದಾ ಸಾಬೂನಿನಲ್ಲಿ ಮುಖ ತೊಳೆದಳು. ಪಂಡಿತ ಇನ್ನೂ ಮೋರಿಯಲ್ಲಿ ಬಗ್ಗಿಕೊಂಡಿದ್ದಾನಂತೆ.

ಇದರ ನೀತಿ ಇಷ್ಟೇ: ತೊಳೆಯುವ ವಸ್ತುವಿನಿಂದ ತೊಳೆಸಿಕೊಳ್ಳಿ, ಪವಾಡ ಕೇಳಬೇಡಿ. ತನ್ನ ಸುಳ್ಳನ್ನು ದುಡಿಯುವವರ ಕೈಗೆ ಹೊರಿಸುವವನನ್ನಂತೂ ನಂಬಲೇಬೇಡಿ.