ಮುಳ್ಳುಹಂದಿಯ ಬಂಧನ

ಯಾರೋ ಮೊಲದ ಮರಿಯನ್ನು ಕೊಂದುಹಾಕಿದ್ದರು. ಹೆಣದ ಪಕ್ಕದಲ್ಲಿ ಮುಳ್ಳೊಂದು ಸಿಕ್ಕಿದ್ದರಿಂದ ಕಾವಲಿನ ಕಾಡುನಾಯಿಗಳು ಮುಳ್ಳುಹಂದಿಯನ್ನು ಹಿಡಿದು ಗುಹೆಯಲ್ಲಿ ಕೂಡಿಹಾಕಿದವು. ಗುಹೆಯ ಮುಂದೆ ಪ್ರಾಣಿಗಳು ಜಮಾಯಿಸಿದವು.

"ಮೈತುಂಬ ಆಯುಧ ಹೊತ್ತವನು ಸಾಧುವಾಗಿರುತ್ತಾನೆಯೇ?" ಎಂದಿತು ನರಿ.

"ಮೊನ್ನೆ ನನ್ನನ್ನು ಕಂಡು ಮುಖ ತಿರುಗಿಸಿದ. ಆಗಲೇ ನನಗೆ ಅನುಮಾನ ಬಂದಿತ್ತು," ಎಂದಿತು ಪುನುಗುಬೆಕ್ಕು.

"ನಾನು ಗೆಡ್ಡೆ ಅಗೆದು ತಿನ್ನುವವನು. ನನ್ನ ಮುಳ್ಳು ಉದುರದ ದಾರಿಯೇ ಈ ಕಾಡಿನಲ್ಲಿಲ್ಲ!" ಎಂದು ಮುಳ್ಳುಹಂದಿ ಒಳಗಿನಿಂದ ಕೂಗಿತು.

"ಕೇಳಿದಿರಾ? ಉತ್ತರವನ್ನು ಮೊದಲೇ ಸಿದ್ಧ ಮಾಡಿಕೊಂಡಿದ್ದಾನೆ," ಎಂದಿತು ಕೋತಿ. ಗುಂಪು ತಲೆದೂಗಿತು.

ಅಷ್ಟರಲ್ಲಿ ನ್ಯಾಯ ಹೇಳುವ ಆನೆ ಹೆಣವನ್ನು ಪರೀಕ್ಷಿಸಿ ಬಂದಿತು. "ಮರಿಯ ಕತ್ತಿನಲ್ಲಿರುವುದು ಕೋರೆಹಲ್ಲಿನ ಗಾಯ. ಮುಳ್ಳುಹಂದಿಗೆ ಕೋರೆಹಲ್ಲೇ ಇಲ್ಲ. ಅವನನ್ನು ಬಿಟ್ಟುಬಿಡಿ," ಎಂದಿತು.

"ಆನೆಗೂ ಅವನಿಗೂ ಏನೋ ಒಳನಂಟಿರಬೇಕು," ಎಂದು ನರಿ ಪಕ್ಕದ ಕೋತಿಯ ಕಿವಿಯಲ್ಲಿ ಪಿಸುಗುಟ್ಟಿತು.

ಅದುವರೆಗೂ ತಾಯಿಮೊಲವನ್ನು ಯಾರೂ ಮಾತನಾಡಿಸಿರಲಿಲ್ಲ. ಅದು ಈಗ ಗುಂಪಿನ ನಡುವೆ ಬಂದು ನಿಂತಿತು.

"ಹಾಗಾದರೆ ನೀವೆಲ್ಲರೂ ಒಮ್ಮೆ ಬಾಯಿ ತೆರೆಯಿರಿ. ನಾನು ನೋಡಬೇಕು."

ಬೆಳಗಿನಿಂದ ಬಿಡುವಿಲ್ಲದೆ ಆಡಿದ್ದ ಬಾಯಿಗಳೆಲ್ಲ ಒಟ್ಟಿಗೆ ಮುಚ್ಚಿಕೊಂಡವು.